ಇಸ್ಕೊಂಡೋನು ಈರಭದ್ರ, ಫ್ರಾನ್ಸಿನಲ್ಲೂ

ಫ್ರಾನ್ಸಿನ ಲಿಯೋನ್‌ನಲ್ಲಿ ಟೈಲ್ಸ್ ಹಾಕುವವನೊಬ್ಬ ಇದ್ದಾನೆ ಅಂತ ಇಟ್ಟುಕೊಳ್ಳಿ. ಒಬ್ಬರ ಬಚ್ಚಲಿಗೆ ಟೈಲ್ಸ್ ಹಾಕಿದ. 900 ಯೂರೋ ಬಾಕಿ ಉಳಿಯಿತು. ಕೇಳಿದಾಗೆಲ್ಲ ‘ಮುಂದಿನ ವಾರ’. ನಮ್ಮ ಕಡೆ ಆಗಿದ್ದರೆ ಬೆಳಿಗ್ಗೆ ಗೇಟಿನ ಮುಂದೆ ನಿಂತು, ನಾಲ್ಕು ಮನೆಗೆ ಕೇಳೋ ಹಾಗೆ ಕೂಗಿ ಬರುತ್ತಿದ್ದ. ಅಲ್ಲಿ ಹಾಗೆಲ್ಲ ಆಗಲ್ಲ.

ಮೊದಲು ರಿಜಿಸ್ಟರ್ಡ್ ಕಾಗದ. ಸಾಲಗಾರ ಕೈಗೆ ಸಿಗದಿದ್ದರೆ ಅದು ಅಂಚೆ ಕಚೇರಿಯಲ್ಲಿ 15 ದಿನ ತೂಕಡಿಸಿ, ‘ಯಾರೂ ಬಿಡಿಸಿಕೊಳ್ಳಲಿಲ್ಲ’ ಅನ್ನೋ ಷರಾ ಹೊತ್ತು ವಾಪಸ್ ಬರುತ್ತದೆ. ಬಾಕಿ ಇರುವವರಿಗೆ ಅಂಚೆ ಕಚೇರಿಯ ದಾರಿ ಮರೆತಿರುತ್ತದೆ, ಪಾಪ. ಇತ್ತ ಗಿರಾಕಿಯ ಮೇಲೆ ದಾವೆ ಹೂಡೋಕೆ ಇವನಿಗಿರುವ ವಾಯಿದೆ ಎರಡೇ ವರ್ಷ. ಸುಮ್ನೆ ಕಾಗದ ಬರೆದರೆ ಆ ಗಡಿಯಾರ ನಿಲ್ಲೋದಿಲ್ಲ.

ಕೋರ್ಟಿಗೇ ಹೋಗೋಣ ಅಂದರೆ, 5,000 ಯೂರೋ ಮೀರದ ದಾವೆಗೆ ಮೊದಲು ರಾಜಿ ಪ್ರಯತ್ನ ಆಗಬೇಕು. ರಾಜಿ ಮಾಡಿಸುವವರು ಸಿಗೋದು ತೀರಾ ತಡವಾದರೆ ವಿನಾಯಿತಿ ಇತ್ತು. ತೀರಾ ಅಂದರೆ ಎಷ್ಟು? ಅದನ್ನು ಬರೆಯೋದು ಮರೆತಿದ್ದರು. 2022ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ಇಡೀ ನಿಯಮವನ್ನೇ ರದ್ದು ಮಾಡಿತು. 2023ರ ಅಕ್ಟೋಬರ್‌ನಲ್ಲಿ ನಿಯಮ ವಾಪಸ್ ಬಂತು. ‘ತೀರಾ’ ಅಂದರೆ ಮೂರು ತಿಂಗಳಂತೆ. ಇಷ್ಟು ಯೋಚಿಸೋಕೆ ಒಂದು ವರ್ಷ ಜಾಸ್ತಿ ಏನಲ್ಲ ಬಿಡಿ.

ಒಂದು ಅಡ್ಡದಾರಿಯೂ ಇದೆ. ಎದುರಾಳಿಯನ್ನು ಕರೆಯದೆ, ಬರೀ ಕಾಗದಪತ್ರ ನೋಡಿ ಜಡ್ಜ್ ‘ದುಡ್ಡು ಕೊಡು’ ಅಂತ ಆದೇಶ ಬರೆಯುತ್ತಾರೆ. ಎಷ್ಟು ಸಲೀಸು ಅಲ್ವಾ? ಆದೇಶ ಜಾರಿಯಾದ ಒಂದು ತಿಂಗಳೊಳಗೆ ಸಾಲಗಾರ ತಕರಾರು ಹಾಕಿದರೆ ಸಾಕು, ಮತ್ತೆ ಮೊದಲಿಂದ ವಿಚಾರಣೆ.

ಕಡೆಗೂ ಡಿಕ್ರಿ ಸಿಕ್ಕಿತು ಅನ್ನಿ. ಅದರ ಒಕ್ಕಣೆ ಓದಬೇಕು ನೀವು. ‘ಫ್ರೆಂಚ್ ಗಣರಾಜ್ಯವು ಆಜ್ಞಾಪಿಸುತ್ತದೆ’ ಅಂತ ಎತ್ತಿಕೊಳ್ಳುತ್ತದೆ. ಕೋರ್ಟಿನ ಅಮೀನರೆಲ್ಲ ಇದನ್ನು ಜಾರಿ ಮಾಡಬೇಕು, ಸರ್ಕಾರಿ ಅಭಿಯೋಜಕರು ಬೆಂಬಲಕ್ಕೆ ನಿಲ್ಲಬೇಕು, ಪೊಲೀಸ್ ಮುಂತಾದ ಸಾರ್ವಜನಿಕ ಪಡೆಗಳ ಕಮಾಂಡರುಗಳೂ ಅಧಿಕಾರಿಗಳೂ ಕೇಳಿದಾಗ ಕೈಜೋಡಿಸಬೇಕು! ಬಚ್ಚಲ ಟೈಲ್ಸಿನ 900 ಯೂರೋಗೆ ಇಡೀ ಗಣರಾಜ್ಯ ಸೊಂಟ ಕಟ್ಟಿ ನಿಂತಿದೆ.

ಆದರೆ ನಿಜವಾಗಿ ಬಾಗಿಲು ತಟ್ಟೋನು ಅಮೀನ ಒಬ್ಬನೇ. 2022ರ ಜುಲೈ 1ರಿಂದ ಅವನಿಗೆ ‘ನ್ಯಾಯದ ಕಮಿಷನರ್’ ಅಂತ ಹೊಸ ಹೆಸರು. ಬೆಳಿಗ್ಗೆ ಆರಕ್ಕೆ ಮೊದಲು ಬರುವಂತಿಲ್ಲ, ರಾತ್ರಿ ಒಂಬತ್ತು ದಾಟುವಂತಿಲ್ಲ, ಭಾನುವಾರ ರಜೆ. ಬ್ಯಾಂಕ್ ಖಾತೆಗೆ ಕೈ ಹಾಕಿದರೂ ಹೊಟ್ಟೆಪಾಡಿನಷ್ಟು ಬಿಡಲೇಬೇಕು. ಅದು ನ್ಯಾಯವೇ, ಒಪ್ಪುತ್ತೇನೆ.

ಮನೆಯೊಳಗೆ ಬಂದರೆ ಮುಟ್ಟಬಾರದ ವಸ್ತುಗಳ ಪಟ್ಟಿ ಕೈಯಲ್ಲಿರುತ್ತದೆ. ಹಾಸಿಗೆ, ಬಟ್ಟೆಬರೆ, ವಾಷಿಂಗ್ ಮಷೀನು, ಮಕ್ಕಳ ಸಾಮಾನು, ಎಲ್ಲರೂ ಒಟ್ಟಿಗೆ ಕೂತು ಉಣ್ಣೋ ಮೇಜು ಕುರ್ಚಿ. ಒಬ್ಬೊಬ್ಬರೇ ಉಣ್ಣೋ ಮೇಜಿನ ಗತಿ ಏನೋ. ಹಳೆಯ ನೆನಪಿನ ವಸ್ತುಗಳನ್ನೂ ಮುಟ್ಟುವಂತಿಲ್ಲ. ಟೈಲ್ಸನ್ನಾದರೂ ಕಿತ್ತುಕೊಂಡು ಹೋಗೋಣ ಅಂದರೆ, ಅವು ಈಗ ಗೋಡೆಯೇ ಆಗಿಬಿಟ್ಟಿವೆ. ಅಂಟಿಸಿದವನು ಅಷ್ಟು ಒಳ್ಳೆ ಕೆಲಸಗಾರ.

ಸಾಕಿದ ನಾಯಿಯೂ ಆ ಪಟ್ಟಿಯಲ್ಲಿದೆ. ಅಮೀನ ಬೆಲ್ ಒತ್ತಿದ. ಒಳಗಿಂದ ಯಾರೂ ಬರಲಿಲ್ಲ. ನಾಯಿ ಮಾತ್ರ ಧೈರ್ಯವಾಗಿ ಬೊಗಳಿತು.