ಕಾಟಾಕ್ಕೆ ಮುದ್ರೆ, ಪ್ರಶ್ನೆಪತ್ರಿಕೆಗೆ ನಮಸ್ಕಾರ

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಕಾಟಾ ಏರಿತೆಂದರೆ ಮೊದಲು ಚೀಲದ ತೂಕ ಕಳೆಯುತ್ತಾರೆ. ಒಂದು ಹಿಡಿ ಕಾಯಿ ತೆಗೆದು ಅಲ್ಲಾಡಿಸಿದರೆ ಬೀಜ ಸಪ್ಪಳ ಮಾಡಬೇಕು. ಮಾಡದಿದ್ದರೆ ನೀರು ಹೊಡೆದಾರಂತ ಅರ್ಥ. ಎಲೆಕ್ಟ್ರಾನಿಕ್ ಕಾಟಾಕ್ಕೆ ವರ್ಷಕ್ಕೊಮ್ಮೆ ಸರಕಾರಿ ಮುದ್ರೆ ಬೇರೆ. ಇಷ್ಟೆಲ್ಲ ಅನುಮಾನ ಮೆಣಸಿನಕಾಯಿಗೆ. ಅಲ್ಲಿಂದ ಹಾವೇರಿಗೋ ಗದಗಕ್ಕೋ ಹೋಗಿ ಎಸ್ಸೆಸ್ಸೆಲ್ಸಿ ಫಲಿತಾಂಶದ ಪರಿಶೀಲನಾ ಸಭೆಯಲ್ಲಿ ಕೂತರೆ ಅನುಮಾನದ ಸುಳಿವೇ ಇರುವುದಿಲ್ಲ. ಒಂದಂಕ ಕಡಿಮೆ ಬಿತ್ತೇ? ಹುಡುಗ ಫೇಲು, ಮಾಸ್ತರಿಗೆ ನೋಟಿಸು.

ಬಂದ ಅಂಕದಲ್ಲಿ ನಿಜವೂ ಇರುತ್ತದೆ, ದೋಷವೂ ಇರುತ್ತದೆ. ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ 1904ರಲ್ಲೇ ಈ ದೋಷಕ್ಕೆ ಲೆಕ್ಕ ಹಾಕಿದ್ದ. ಒಂದು ಪರೀಕ್ಷೆಯ ವಿಶ್ವಾಸಾರ್ಹತೆ (ಮತ್ತೆ ತೂಗಿದರೂ ಅದೇ ಅಂಕ ಬರುವ ಭರವಸೆ, ಪೂರ್ತಿ ಇದ್ದರೆ 1) 0.84, ಅಂಕಗಳ ಮಾನಕ ವಿಚಲನೆ (ಸರಾಸರಿಯ ಸುತ್ತ ಅಂಕ ಹರಡಿರುವ ಅಳತೆ) 10 ಅಂತಿಟ್ಟುಕೊಳ್ಳಿ. 1ರಲ್ಲಿ 0.84 ಕಳೆದರೆ 0.16, ಅದರ ವರ್ಗಮೂಲ 0.4, ಹತ್ತರಿಂದ ಗುಣಿಸಿದರೆ 4; ಅಂಕ ಸಾಮಾನ್ಯವಾಗಿ ಇಷ್ಟು ಆಚೀಚೆ ಆಗಬಹುದು. ಅಂದರೆ ಗೆರೆಗಿಂತ ಒಂದಂಕ ಕೆಳಗೆ ಬಿದ್ದವನ ನಿಜವಾದ ಅಂಕ ಗೆರೆಗಿಂತ ಮೂರು ಮೇಲೂ ಇದ್ದೀತು, ಐದು ಕೆಳಗೂ ಇದ್ದೀತು. ಮುಳ್ಳು ಹೀಗೆ ಓಲಾಡುತ್ತಿರುವಾಗ ನಾವು ಪಾಸಿನ ಗೆರೆಯನ್ನು ಶೇಕಡಾ 35ರಿಂದ 33ಕ್ಕೆ ಇಳಿಸಿ, ಗುಣಮಟ್ಟ ಏನಾಯಿತೆಂದು ಟೀವಿಯಲ್ಲಿ ಕಿತ್ತಾಡಿದೆವು.

ಇನ್ನು ಆಂತರಿಕ ಅಂಕ. ಇಡೀ ತರಗತಿಗೆ 20ಕ್ಕೆ 19 ಹಾಕಿದರೆ ಅದು ಎಲ್ಲ ಚೀಲಕ್ಕೂ ಒಂದೇ ಅಳತೆಯ ನೀರು ಹೊಡೆದಂತೆ. ಯಾರ ಚೀಲ ಭಾರ ಅನ್ನೋದು ಬದಲಾಗುವುದಿಲ್ಲ, ಜಿಲ್ಲೆಯ ಒಟ್ಟು ತೂಕ ಮಾತ್ರ ಏರುತ್ತದೆ. ಸಭೆಗೆ ಬೇಕಾದ್ದೂ ಅಷ್ಟೇ.

ವೈಜ್ಞಾನಿಕವಾಗಿ ಮಾಡೋಣ ಅಂತ ಯಾರಿಗಾದರೂ ಹುಕಿ ಬಂದರೆ 'ಪ್ರಶ್ನೆವಾರು ವಿಶ್ಲೇಷಣೆ'ಯ ನಮೂನೆ ಬರುತ್ತದೆ. ಒಟ್ಟು ಅಂಕದಲ್ಲಿ ಮೇಲಿನ ಶೇಕಡಾ 27, ಕೆಳಗಿನ ಶೇಕಡಾ 27 ಮಕ್ಕಳನ್ನು ಬೇರ್ಪಡಿಸಿ ಎಂಬ ಸೂತ್ರ ಅಮೆರಿಕದ ಕೆಲ್ಲಿ 1939ರಲ್ಲಿ ಕೊಟ್ಟದ್ದು, ದೊಡ್ಡ ಗುಂಪಿಗೆ ಚೊಲೋ. ನಮ್ಮ ತರಗತಿಯಲ್ಲಿ 40 ಮಕ್ಕಳು; ಶೇಕಡಾ 27 ಅಂದರೆ 11. ಒಂದು ಪ್ರಶ್ನೆಗೆ ಮೇಲಿನವರಲ್ಲಿ 8, ಕೆಳಗಿನವರಲ್ಲಿ 5 ಸರಿ: ಅಂತರ 3 ಭಾಗಿಸು 11, ಅಂದರೆ 0.27. ಪ್ರಶ್ನೆ ಬಲ್ಲವರನ್ನು ಬೇರ್ಪಡಿಸುತ್ತದೋ ಎಂದು ಹೇಳುವ ಸೂಚ್ಯಂಕ ಇದೇ; ಪ್ರಶ್ನೆ ನಡೆಯುತ್ತದೆ. ಕೆಳಗಿನವರಲ್ಲಿ ಒಬ್ಬ ಪಕ್ಕದವನ ಹಾಳೆಗೆ ಬಾಗಿ ಸರಿ ಬರೆದನೋ, 2 ಭಾಗಿಸು 11, 0.18. ಸೂಚ್ಯಂಕ 0.20ರ ಕೆಳಗಿಳಿಯಿತು, ಪ್ರಶ್ನೆಯೇ ಕಳಪೆ! ಬಾಗಿದವನು ಪಾಸು, ಪ್ರಶ್ನೆ ಫೇಲು. (ಸೂಚ್ಯಂಕ ಮೈನಸ್ ಬಂದರೆ ಮಕ್ಕಳನ್ನು ಬೈಯಬೇಡ್ರಿ, ಮೊದಲು ಕೀ ಉತ್ತರ ನೋಡ್ರಿ.)

ಲಾರ್ಡ್ ಮತ್ತು ನೋವಿಕ್ ಅಂಕದ ಗಣಿತವನ್ನೆಲ್ಲ ಒಂದೆಡೆ ಕಟ್ಟಿದ 1968ರಲ್ಲೇ, ಅಮೆರಿಕದ ತರಗತಿಗಳಲ್ಲಿ ಕೂತು ನೋಡಿದ ಫಿಲಿಪ್ ಜ್ಯಾಕ್ಸನ್ ಪ್ರಾಥಮಿಕ ಶಾಲೆಯ ಶಿಕ್ಷಕರು ಒಂದು ದಿನಕ್ಕೆ ಸಾವಿರದಷ್ಟು ಸಲ ಒಬ್ಬರಲ್ಲ ಒಬ್ಬರೊಡನೆ ವ್ಯವಹರಿಸಬಹುದೆಂದು ಬರೆದ. ಮಕ್ಕಳ ಬಹಳಷ್ಟು ಹೊತ್ತು ಕಾಯುವುದರಲ್ಲೇ ಹೋಗುವುದನ್ನೂ ಕಂಡ. ನಮ್ಮ ನಮೂನೆಯಲ್ಲಿ ಆ ಸಾವಿರಕ್ಕೆ ಒಂದೇ ಅಂಕಣ: 'ಹಿನ್ನಡೆಗೆ ಕಾರಣ, ಒಂದು ಪದದಲ್ಲಿ'. ಮಾಸ್ತರು 'ಗೈರುಹಾಜರಿ' ಎಂದು ಬರೆಯುತ್ತಾರೆ. ಮೆಣಸಿನಕಾಯಿ ಹರಿಯುವ ಹಂಗಾಮು, ಹುಡುಗ ಹೊಲದಲ್ಲಿದ್ದಾನೆ. ಅವನು ಹರಿದದ್ದನ್ನು ಸಂಜೆಗೆ ತೂಗಿ, ಚೀಲದ ತೂಕ ಕಳೆದು, ಕಿಲೋ ಲೆಕ್ಕದಲ್ಲಿ ಕೈಗೆ ಎಣಿಸಿಕೊಡುತ್ತಾರೆ.