ಬಾರದವನ ಬಾಡಿಗೆ

ಎರಡು ಮಹಾನಗರಗಳ ನಡುವೆ ವಿಮಾನ ಹಾರುವುದು ಒಂದೇ ಗಂಟೆ. ಆ ಒಂದು ಗಂಟೆಗಾಗಿ ಇಡೀ ದಿನವನ್ನೇ ಬರೆದುಕೊಡಬೇಕು. ಬೆಳಕು ಹರಿಯುವ ಮುಂಚೆ ಮನೆ ಬಿಡಬೇಕು, ಊರಾಚೆಯ ನಿಲ್ದಾಣಕ್ಕೆ ಟ್ರಾಫಿಕ್ಕಿನಲ್ಲಿ ತೆವಳಬೇಕು, ಎರಡು ಗಂಟೆ ಮುಂಚೆ ತಲುಪಿ ವಿಮಾನ ಮೂರು ಗಂಟೆ ತಡ ಎಂದು ತಿಳಿದುಕೊಳ್ಳಬೇಕು. ನಾವು ತಡ ಮಾಡಿದರೆ ಬೇಜವಾಬ್ದಾರಿ. ಅವರು ತಡ ಮಾಡಿದರೆ ‘ಕಾರ್ಯಾಚರಣೆಯ ಕಾರಣ’. ಇದು ಎಲ್ಲರೂ ಅನುಭವಿಸುವ ಸಂಗತಿ, ಬಿಡಿ. ನನ್ನ ತಕರಾರು ಬೇರೆ. ಈ ವ್ಯವಸ್ಥೆ ಕಟ್ಟಿದವರು ಯಾರೋ ಗೊತ್ತಿಲ್ಲ, ಆದರೆ ಅವರು ಜೀವಮಾನದಲ್ಲಿ ಒಮ್ಮೆಯೂ ಒಬ್ಬರೇ ಪ್ರಯಾಣ ಮಾಡಿಲ್ಲ.

ಅನುಮಾನವಿದ್ದರೆ ನಿಲ್ದಾಣದ ಶೌಚಾಲಯಕ್ಕೆ ಹೋಗಿ ನೋಡಿ. ಧ್ವನಿವರ್ಧಕ ಬಿಡುವಿಲ್ಲದೆ ಎರಡು ಮಾತು ಹೇಳುತ್ತಿರುತ್ತದೆ. ನಿಮ್ಮ ಸಾಮಾನು ಬಿಟ್ಟು ಎಲ್ಲೂ ಹೋಗಬೇಡಿ. ಅಪರಿಚಿತರ ಸಾಮಾನು ನೋಡಿಕೊಳ್ಳಲು ಒಪ್ಪಬೇಡಿ. ಒಂದೊಂದಾಗಿ ನೋಡಿದರೆ ಎರಡೂ ಸರಿಯೇ. ಕೂಡಿಸಿದರೆ, ಒಬ್ಬರೇ ಬಂದವರು ಶೌಚಕ್ಕೆ ಹೋಗುವಂತಿಲ್ಲ ಎಂದಾಗುತ್ತದೆ. ಹೋಗಲೇಬೇಕಾ? ಹಾಗಾದರೆ ಸೂಟ್‌ಕೇಸು, ಲ್ಯಾಪ್‌ಟಾಪ್ ಚೀಲ, ಕೋಟು, ಎಲ್ಲವನ್ನೂ ಕರೆದುಕೊಂಡು ಸಪರಿವಾರ ಒಳಗೆ ಹೋಗಬೇಕು. ಬಾಗಿಲು ಒಳಮುಖವಾಗಿ ತೆರೆಯುತ್ತದೆ. ಒಳಗೆ ಜಾಗವಿರುವುದು ಒಂದೋ ಮನುಷ್ಯನಿಗೆ, ಒಂದೋ ಸೂಟ್‌ಕೇಸಿಗೆ. ಮನುಷ್ಯ ಮೊದಲು ಹೋದರೆ ಸೂಟ್‌ಕೇಸು ಹೊರಗೇ ಉಳಿಯುತ್ತದೆ. ಸೂಟ್‌ಕೇಸು ಮೊದಲು ಹೋದರೆ ಬಾಗಿಲು ಹಾಕಲು ಮನುಷ್ಯ ಕಮೋಡ್ ಹತ್ತಬೇಕು. ಚೀಲ ತೂಗುಹಾಕಲು ಗೋಡೆಯಲ್ಲಿ ಒಂದು ಕೊಕ್ಕೆ ಇರುತ್ತದೆ. ಅಥವಾ ಹಿಂದೆ ಕೊಕ್ಕೆ ಇತ್ತು ಎಂಬುದಕ್ಕೆ ಎರಡು ತೂತು ಇರುತ್ತವೆ.

ಇನ್ನು ಭದ್ರತಾ ತಪಾಸಣೆ. ಅಲ್ಲಿ ಒಬ್ಬ ಮನುಷ್ಯ ನಾಲ್ಕು ಟ್ರೇಗಳಾಗಿ ಹಂಚಿಹೋಗುತ್ತಾನೆ. ಟ್ರೇಗಳು ಯಂತ್ರದೊಳಗೆ ನುಗ್ಗಿ ಆಚೆ ಬದಿ ತಲುಪಿರುತ್ತವೆ. ಮಾಲೀಕ ಮಾತ್ರ ಈಚೆ ಬದಿ, ಬೆಲ್ಟಿಲ್ಲದ ಪ್ಯಾಂಟಿನಲ್ಲಿ ಕೈಯೆತ್ತಿಕೊಂಡು ನಿಂತಿರುತ್ತಾನೆ. ಸಾಮಾನಿನ ಮೇಲೆ ಸದಾ ಕಣ್ಣಿಡಿ ಎಂದು ಬೆಳಗಿನಿಂದ ಕೂಗಿದವರೇ ಈಗ ಆ ಕಡೆ ತಿರುಗಿ ನಿಲ್ಲಿ ಅನ್ನುತ್ತಾರೆ. ಜೊತೆಗೆ ಬಂದವರಿದ್ದರೆ ಒಬ್ಬರು ಮೊದಲು ದಾಟಿ ಕಾವಲು ನಿಲ್ಲುತ್ತಾರೆ. ಒಂಟಿಗೆ ದೇವರೇ ದಿಕ್ಕು. ಹಾಂ, 100 ಮಿಲಿಲೀಟರ್ ನಿಯಮವೂ ಇದೆ: ಅದಕ್ಕಿಂತ ದೊಡ್ಡ ಬಾಟಲಿಯಲ್ಲಿ ದ್ರವ, ಪೇಸ್ಟು ಕೈಚೀಲದಲ್ಲಿ ಒಯ್ಯುವಂತಿಲ್ಲ. 2006ರ ಆಗಸ್ಟ್‌ನಲ್ಲಿ ಬ್ರಿಟನ್ನಿನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾದ ಮೇಲೆ ಬಂದದ್ದು, ಇನ್ನೂ ಬಹಳ ದೇಶಗಳಲ್ಲಿ ಉಳಿದಿದೆ. ಅಳೆಯುವುದು ಬಾಟಲಿಯ ಗಾತ್ರವನ್ನು, ಒಳಗಿರುವುದನ್ನಲ್ಲ. 150 ಮಿಲಿಲೀಟರ್ ಟ್ಯೂಬಿನ ತಳದಲ್ಲಿ ಉಳಿದ ಕಡಲೆಗಾತ್ರದ ಪೇಸ್ಟು ಅಪಾಯಕಾರಿ. ಅಷ್ಟು ಅಪಾಯದ ವಸ್ತುವನ್ನು ನೂರಾರು ಜನ ನಿಂತ ಸಾಲಿನ ಪಕ್ಕದ ಡಬ್ಬಕ್ಕೆ ಎಸೆಯುತ್ತಾರೆ.

ವಿಮಾನ ಹತ್ತಿದಿರಿ ಅಂದುಕೊಳ್ಳಿ. ಕಿಟಕಿ ಸೀಟಿಗೆಂದು ಬೇರೆ ದುಡ್ಡು ಕೊಟ್ಟಿದ್ದೀರಿ. ಬೆಲ್ಟು ಬಿಗಿದು ಇನ್ನೇನು ಕಣ್ಣು ಮುಚ್ಚಬೇಕು, ತಲೆಯ ಮೇಲೊಂದು ದನಿ: “ನೀವು ಒಬ್ಬರೇ ಅಲ್ವಾ?” ಕೇಳಲು ಪ್ರಶ್ನೆಯ ಹಾಗೇ ಇರುತ್ತದೆ. ಹಿಂದೆ ಒಂದು ಕುಟುಂಬ ನಿಂತಿರುತ್ತದೆ. ಗಂಡನ ಸೀಟು ಮುಂದೆ, ಹೆಂಡತಿಯದು ನಡುವೆ, ಮಗುವಿನದು ಬಾಲದಲ್ಲಿ. ಸುತ್ತಲಿನ ಆರು ಸಾಲಿನವರು ನಿಮ್ಮ ಮನುಷ್ಯತ್ವದ ಪರೀಕ್ಷೆ ನೋಡಲು ಕತ್ತು ಚಾಚಿರುತ್ತಾರೆ. ನೀವು ಎದ್ದು ಕೊನೇ ಸಾಲಿನ ನಡುವಿನ ಸೀಟಿಗೆ ಹೋಗುತ್ತೀರಿ. ಆ ಕುಟುಂಬ ಚದುರಿದ್ದು ಹೇಗೆ? ಸೀಟು ಆರಿಸಿಕೊಳ್ಳಲು ಅವರು ಬೇರೆ ದುಡ್ಡು ಕಟ್ಟಲಿಲ್ಲ, ಕಂಪ್ಯೂಟರು ಮೂರು ದಿಕ್ಕಿಗೆ ಎಸೆಯಿತು. ಇದು ಸುಮ್ನೆ ಆಗುತ್ತಾ, ಬೇಕಂತಲೇ ಮಾಡುತ್ತಾರಾ ಎಂಬ ಅನುಮಾನ ಜಾಸ್ತಿಯಾಗಿ, 2018ರಲ್ಲಿ ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ ಸೀಟು ಹಂಚಿಕೆಯನ್ನೇ ಪರಿಶೀಲನೆಗೆ ಎತ್ತಿಕೊಂಡಿತ್ತು. ಅಂತೂ ಕಂಪನಿ ಒಡೆದ ಸಂಸಾರವನ್ನು ಕೂಡಿಸುವ ಹೊಣೆ ಒಬ್ಬರೇ ಬಂದವರದು, ಖರ್ಚೂ ಅವರದೇ.

ತಮಾಷೆ ಏನೆಂದರೆ, ಲೆಕ್ಕದ ಪ್ರಕಾರ ಒಂಟಿ ಪ್ರಯಾಣಿಕರೇ ಕಂಪನಿಗೆ ಲಾಭ. ಜೇಸನ್ ಸ್ಟೆಫೆನ್ ಎಂಬ ಖಗೋಳ ಭೌತವಿಜ್ಞಾನಿ, ಗ್ರಹ ನಕ್ಷತ್ರಗಳನ್ನು ಬದಿಗಿಟ್ಟು, ವಿಮಾನಕ್ಕೆ ಜನರನ್ನು ಬೇಗ ಹತ್ತಿಸುವುದು ಹೇಗೆ ಎಂದು ಲೆಕ್ಕ ಹಾಕಿ 2008ರಲ್ಲಿ ಪ್ರಕಟಿಸಿದರು. ಹಿಂದಿನಿಂದ ಶುರುಮಾಡಿ, ಒಂದು ಸಾಲು ಬಿಟ್ಟು ಒಂದು ಸಾಲಿನಂತೆ, ಮೊದಲು ಕಿಟಕಿಯವರು, ಆಮೇಲೆ ನಡುವಿನವರು, ಕೊನೆಗೆ ಓಡಾಡುವ ದಾರಿಯ ಪಕ್ಕದವರು. ಸಂಸಾರಸ್ಥರಿಗೆ ಇದು ಆಗುವ ಮಾತಲ್ಲ. ಜೊತೆಯಲ್ಲಿ ಬಂದವರು ಬೇರೆಬೇರೆ ಸರದಿಯಲ್ಲಿ ಹತ್ತಬೇಕಾಗುತ್ತದೆ. ವಿಮಾನದ ತುಂಬ ಒಬ್ಬೊಬ್ಬರೇ ಬಂದವರಿದ್ದರೆ ಮಾತ್ರ ಸಲೀಸು.

ಅಂಥ ಅನುಕೂಲಸ್ಥ ಗಿರಾಕಿಗೆ ರಿಯಾಯಿತಿ ಕೊಡಬೇಕು ತಾನೆ? 2025ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಬಯಲಾದ ಸಂಗತಿ ಕೇಳಿ. ಕೆಲವು ದೊಡ್ಡ ಕಂಪನಿಗಳು ಕೆಲವು ಮಾರ್ಗಗಳಲ್ಲಿ, ಇಬ್ಬರಿಗೆ ಟಿಕೆಟ್ ಹುಡುಕಿದರೆ ತಲೆಗೆ ಒಂದು ದರ, ಅದೇ ವಿಮಾನಕ್ಕೆ ಒಬ್ಬರಿಗೇ ಹುಡುಕಿದರೆ ಅದಕ್ಕಿಂತ ಜಾಸ್ತಿ ದರ ತೋರಿಸುತ್ತಿದ್ದವು. ಒಬ್ಬರೇ ಹೋಗುವವರು ಆಫೀಸ್ ಕೆಲಸಕ್ಕೆ ಹೋಗುವವರು, ದುಡ್ಡು ಆಫೀಸಿನದು ಎಂಬ ಊಹೆ ಇದ್ದೀತು. ಹಡಗಿನ ಪ್ರವಾಸ, ಪ್ಯಾಕೇಜ್ ಟೂರುಗಳಲ್ಲಂತೂ ಮುಚ್ಚುಮರೆಯೇ ಇಲ್ಲ. ‘ಸಿಂಗಲ್ ಸಪ್ಲಿಮೆಂಟ್’ ಎಂದು ರಾಜಾರೋಷವಾಗಿ ಬಿಲ್ಲಿನಲ್ಲಿ ಹಾಕುತ್ತಾರೆ. ಬಿಡಿಸಿ ಹೇಳಬೇಕೆಂದರೆ, ಬಾರದೇ ಇರುವ ಎರಡನೆಯವನ ಹಾಸಿಗೆ ಬಾಡಿಗೆ.

ನನಗೇನೂ ಬೇಜಾರಿಲ್ಲ. ಆ ಎರಡನೆಯವನಿಗೆ ದುಡ್ಡು ಕಟ್ಟಿಸಿಕೊಂಡಿದ್ದೀರಿ. ಹಾಗಾದರೆ ಅವನನ್ನು ಕಳಿಸಿಕೊಡಿ. ಶೌಚಾಲಯದ ಬಾಗಿಲಲ್ಲಿ ಸೂಟ್‌ಕೇಸು ಹಿಡಿದು ನಿಲ್ಲಲಿ. ಟ್ರೇಗಳ ಮುಂದೆ ಕಾವಲಿರಲಿ. ಗೇಟ್ ಬದಲಾದಾಗ ಮೊದಲು ಓಡಲಿ, ಇಳಿದ ಮೇಲೆ ನಾನು ಲಗೇಜಿಗೆ ಕಾಯುವಷ್ಟರಲ್ಲಿ ಟ್ಯಾಕ್ಸಿ ಸಾಲಲ್ಲಿ ಜಾಗ ಹಿಡಿಯಲಿ. ವಿಮಾನದಲ್ಲಿ ಮಾತ್ರ ನನ್ನ ಪಕ್ಕವೇ ಕೂರಲಿ. ಯಾರಾದರೂ ಬಂದು ಸೀಟು ಬದಲಾಯಿಸ್ತೀರಾ ಎಂದು ಕೇಳಿದಾಗ ಎದ್ದುಹೋಗಲು ಒಬ್ಬ ಬೇಕಲ್ಲ.