ಗೋಲು ರದ್ದು, ಕೋಚ್ ರದ್ದು

1982ರ ಫುಟ್‌ಬಾಲ್ ವಿಶ್ವಕಪ್. ಸ್ಪೇನಿನ ವಲ್ಲಾಡೊಲಿಡ್‌ನಲ್ಲಿ ಕುವೈತ್ ಮೇಲೆ ಫ್ರಾನ್ಸ್ ಇನ್ನೊಂದು ಗೋಲು ಹೊಡೆಯಿತು. ಕುವೈತ್ ಹುಡುಗರು ಜಗಳಕ್ಕೆ ನಿಂತರು. ಸೀಟಿ ಕೇಳಿಸಿತು, ಅದಕ್ಕೇ ಆಟ ನಿಲ್ಲಿಸಿದೆವು ಅಂತ. ಸೀಟಿ ಊದಿದ್ದು ರೆಫರಿ ಅಲ್ಲ, ಪ್ರೇಕ್ಷಕರಲ್ಲಿ ಯಾರೋ! ಅಷ್ಟರಲ್ಲಿ ಕುವೈತ್ ಫುಟ್‌ಬಾಲ್ ಸಂಸ್ಥೆಯ ಮುಖ್ಯಸ್ಥ ಶೇಖ್ ಫಹದ್, ಅಂದರೆ ದೊರೆಯ ತಮ್ಮ, ಗ್ಯಾಲರಿಯಿಂದ ಇಳಿದು ಸೀದಾ ಮೈದಾನಕ್ಕೇ ಬಂದರು. ರೆಫರಿ ಗೋಲು ರದ್ದು ಮಾಡಿಬಿಟ್ಟ. ಆದರೂ ಕುವೈತ್ 4-1ರಲ್ಲಿ ಸೋತಿತು ಅನ್ನಿ.

ಅವತ್ತು ಕುವೈತ್ ಕೋಚ್ ಬ್ರೆಜಿಲಿನ ಕಾರ್ಲೋಸ್ ಆಲ್ಬೆರ್ಟೊ ಪರೇರಾ. ತಂಡದ ಯಜಮಾನ ಯಾರು ಅಂತ ಅವರಿಗೆ ಅಲ್ಲೇ ಗೊತ್ತಾಗಿರಬೇಕು. ಆಮೇಲೂ ವರ್ಗಾವಣೆಯಾದ ಮೇಷ್ಟ್ರ ಹಾಗೆ ಟ್ರಂಕು ಹಿಡಿದು ಊರೂರು ತಿರುಗಿದರು. ಒಟ್ಟು ಐದು ದೇಶ, ಆರು ವಿಶ್ವಕಪ್. 1990ರಲ್ಲಿ ಯುಎಇ ಜೊತೆ ಹೋಗಿ ಮೂರು ಪಂದ್ಯದಲ್ಲಿ 11 ಗೋಲು ತಿಂದು ಬಂದರು.

1994ರಲ್ಲಿ 24 ವರ್ಷದ ಬರ ನೀಗಿಸಿ ಬ್ರೆಜಿಲಿಗೆ ಕಪ್ ತಂದುಕೊಟ್ಟರು. ಜನ ಕುಣಿದರು. ಕುಣಿದು ಸುಸ್ತಾದ ಮೇಲೆ, ಕಪ್ ಏನೋ ಸರಿ, ಆಟ ಚೆಂದ ಇರಲಿಲ್ಲ ಅಂದರು. ಹೊಟ್ಟೆ ತುಂಬ ಉಂಡು, ಪಾಯಸಕ್ಕೆ ಗೋಡಂಬಿ ಕಮ್ಮಿಯಾಯಿತು ಅನ್ನುವ ಬೀಗರು ಎಲ್ಲ ದೇಶದಲ್ಲೂ ಇರುತ್ತಾರೆ.

1998ರಲ್ಲಿ ಸೌದಿ ಅರೇಬಿಯಾ. ಡೆನ್ಮಾರ್ಕ್ ಕೈಲಿ 1-0, ಫ್ರಾನ್ಸ್ ಕೈಲಿ 4-0. ತಂಡ ಔಟ್. ಇನ್ನೊಂದೇ ಪಂದ್ಯ ಬಾಕಿ, ಅದು ಮುಗಿದರೆ ಎಲ್ಲರೂ ಸೇರಿ ಮನೆಗೆ ಹೋಗುವುದೇ. ಒಂದು ವಾರ ತಡೆಯಬಹುದಿತ್ತು, ಅಲ್ವಾ? ಇಲ್ಲ, ಪರೇರಾ ಅವರನ್ನು ಆಗಲೇ ಕಿತ್ತುಹಾಕಿದರು. ಅದೇ ಕಪ್‌ನಲ್ಲಿ ದಕ್ಷಿಣ ಕೊರಿಯಾ, ಟ್ಯುನೀಷಿಯಾ ಕೂಡ ಸುಮ್ನೆ ಇರಲಾರದೆ ನಡುವೆಯೇ ತಮ್ಮ ತಮ್ಮ ಕೋಚ್‌ಗಳನ್ನು ಕಳಿಸಿಬಿಟ್ಟವು. ಮುಳುಗಿದ ದೋಣಿಯಿಂದ ಅಂಬಿಗನನ್ನು ಇಳಿಸುವುದಕ್ಕೆ ಇಷ್ಟೊಂದು ಅವಸರ. ಕೋಚ್ ಬದಲಾಗಿ ಸೌದಿಗೆ ಸಿಕ್ಕಿದ್ದು ಒಂದು 2-2 ಡ್ರಾ. ಗುಂಪಿನಲ್ಲಿ ಕೊನೆಯ ಸ್ಥಾನ ಮಾತ್ರ ಭದ್ರವಾಗಿತ್ತು.

ಇಷ್ಟೆಲ್ಲ ಕಂಡವರು ಸೋತ ಮೇಲೆ ನುಣುಚಿಕೊಳ್ಳುವುದನ್ನು ಕೊನೆಗೆ ತಾವೂ ಕಲಿತರು. 2014ರಲ್ಲಿ, ತವರಿನ ಕಪ್‌ನಲ್ಲಿ, ಕೋಚ್ ಸ್ಕೊಲಾರಿಯ ಬ್ರೆಜಿಲ್ ತಂಡಕ್ಕೆ ಪರೇರಾ ಸಂಯೋಜಕ. ಸೆಮಿಫೈನಲ್‌ನಲ್ಲಿ ಜರ್ಮನಿ ಕೈಲಿ 7-1 ಸೋಲು. ಮರುದಿನ ಪತ್ರಕರ್ತರ ಮುಂದೆ ಕೂತು ಪರೇರಾ ಓದಿದ್ದು ಏನು ಗೊತ್ತಾ? ಕೋಚ್ ಬಳಗವನ್ನು ಹೊಗಳಿ ಅಭಿಮಾನಿ ಹೆಂಗಸೊಬ್ಬರು ಬರೆದ ಪತ್ರ.

ಇನ್ನೇನು ಮಾಡಿಯಾರು, ಪಾಪ. ಗ್ಯಾಲರಿಯಿಂದ ಶೇಖ್ ಇಳಿದು ಬಂದಿದ್ದರೂ ಏಳರಲ್ಲಿ ಎಷ್ಟು ಅಂತ ರದ್ದು ಮಾಡಿಸುವುದು?